ಶತ್ರುವಿನ ಒಂದು ಸಾಲು

ಸಂಶೋಧನಾ ತೋಟವೊಂದರಲ್ಲಿ ಮುದಿ ಪರಂಗಿ ಗಿಡವೊಂದಿತ್ತು. ಎಲೆಗಳಲ್ಲಿ ಉಂಗುರದಂಥ ಕಲೆ ಮೂಡಿಸಿ ಕೊಲ್ಲುವ ವೈರಸ್ಸಿಗೆ ಅದರ ಮಕ್ಕಳೆಲ್ಲ ಬಲಿಯಾಗಿದ್ದವು; ಹೇಗೋ ಸೋಂಕು ತಗಲದೆ ಅದೊಂದೇ ಉಳಿದಿತ್ತು. ಒಂದು ದಿನ ವಿಜ್ಞಾನಿಗಳು ಅದರ ಸುತ್ತ ಹೊಸ ತಳಿಯ ಪರಂಗಿ ಸಸಿಗಳನ್ನು ನೆಟ್ಟರು.

"ನಿಮ್ಮ ಡಿಎನ್‌ಎಯಲ್ಲಿ ಆ ವೈರಸ್ಸಿನ ತುಣುಕನ್ನು ಸೇರಿಸಿದ್ದಾರಂತೆ, ನಿಜವೇ?" ಎಂದು ಮುದಿ ಗಿಡ ಪಕ್ಕದ ಸಸಿಯನ್ನು ಕೇಳಿತು.

"ನಿಜ, ಅಜ್ಜಿ. ಅದರ ಬರಹದ ಒಂದು ಸಾಲು ಮಾತ್ರ."

"ನನ್ನ ಮಕ್ಕಳನ್ನು ಕೊಂದವನನ್ನು ಒಡಲಲ್ಲಿಟ್ಟುಕೊಂಡು ನನ್ನ ಪಕ್ಕ ನಿಂತಿದ್ದೀಯಾ? ದೂರ ಸರಿ!"

"ಬೇರು ಬಿಟ್ಟವಳು ಎಲ್ಲಿಗೆ ಸರಿಯಲಿ, ಅಜ್ಜಿ?"

ಸಸಿಗಳು ಆಳೆತ್ತರ ಬೆಳೆದ ಮೇಲೆ ಗಾಳಿಯೊಡನೆ ಗಿಡಹೇನುಗಳ ಹಿಂಡು ಬಂತು. ಅವುಗಳ ಬಾಯಲ್ಲಿ ವೈರಸ್ ಅಂಟಿಕೊಂಡಿತ್ತು. ಮೊದಲು ಎದುರಾದ ಹೊಸ ಗಿಡಗಳ ಎಲೆಗೇ ಅವು ಬಾಯಿ ಚುಚ್ಚಿದವು. ಒಳಹೊಕ್ಕ ವೈರಸ್ ತನ್ನ ಬರಹವಿದ್ದ ಆರ್‌ಎನ್‌ಎ ಎಳೆಯನ್ನು ಬಿಚ್ಚಿತು.

ಗಿಡದೊಳಗಿನ ಕಿಣ್ವ ಎದುರಿಗೆ ಬಂದು, "ಈ ಸಾಲನ್ನು ನಾನು ಎಳವೆಯಿಂದಲೇ ಓದಿಕೊಂಡಿದ್ದೇನೆ" ಎನ್ನುತ್ತ ಆ ಎಳೆಯನ್ನು ಕತ್ತರಿಯಂತೆ ತುಂಡು ತುಂಡು ಮಾಡಿತು.

ಹೇನುಗಳು ಅಲ್ಲಿಂದ ಮುದಿ ಗಿಡಕ್ಕೆ ಹಾರಿದವು. ತನ್ನ ಕಥೆ ಮುಗಿಯಿತೆಂದೇ ಅದು ಅಂದುಕೊಂಡಿತು. ಆದರೆ ಹೇನುಗಳು ರಸ ಹೀರಿ ಹೋಗಿ ವಾರಗಳು ಕಳೆದರೂ ಎಲೆಯ ಮೇಲೆ ಒಂದು ಉಂಗುರವೂ ಮೂಡಲಿಲ್ಲ.

"ನನಗೇಕೆ ಏನೂ ಆಗಲಿಲ್ಲ?"

"ಹೇನುಗಳ ಬಾಯಲ್ಲಿದ್ದ ವೈರಸ್ ನಮ್ಮನ್ನು ಚುಚ್ಚಿದಾಗಲೇ ಒರೆಸಿಹೋಯಿತು, ಅಜ್ಜಿ. ನಮ್ಮೊಳಗೆ ಬಂದದ್ದು ಉಳಿಯಲಿಲ್ಲ."

ಮುದಿ ಗಿಡ ತನ್ನ ಎಲೆಯೊಂದನ್ನು ಪಕ್ಕದ ಗಿಡದತ್ತ ಬಾಗಿಸಿತು. ಆಮೇಲೆ ಮೆಲ್ಲಗೆ, "ಯಾರಾದರೂ ನಿನ್ನ ಕುಲ ಯಾವುದೆಂದು ಕೇಳಿದರೆ, ನನ್ನ ಮೊಮ್ಮಗಳೆಂದು ಹೇಳು" ಎಂದಿತು.