ಮೂರು ಅಳತೆಯ ಇಳಿಜಾರು

ಬೆಳಗಾವಿಯ ಉದ್ಯಮಬಾಗದಲ್ಲಿ ಓಡುವ ಅಷ್ಟೂ ಮಷಿನ್ನುಗಳಿಗೆ ಮೊದಲ ಸ್ವಿಚ್ಚು ಹಾಕಿದವನು ನಾನೇ. ಸುಳ್ಳು. ಅಲ್ಲಿಯ ವಾಚ್‌ಮನ್ ನನ್ನನ್ನು ಗೇಟಿನೊಳಗೂ ಬಿಡುವುದಿಲ್ಲ. ಆದರೆ ಈ ಕಥೆ ಹೇಳುವಾಗ ಬರುವ ಸಿಟ್ಟು ಮಾತ್ರ ಅಪ್ಪಟ ನಿಜ.

ಧನ್ಯಕುಮಾರರ ಕಾರ್ಖಾನೆಯಲ್ಲಿ ಶ್ರೀಪಾದ ನಕ್ಷೆ ಬರೆಯುವವನು. ದಸ್ತಗೀರ ಆ ನಕ್ಷೆ ನೋಡಿ ಕಬ್ಬಿಣ ಕೊರೆಯುವವನು. ಒಮ್ಮೆ ಶ್ರೀಪಾದ, ಎದುರಿನ ಇನ್ನೊಂದು ತುಂಡಿಗೆ ಆತು ಕೂರಬೇಕಾದ ಒಂದು ಬೆಣೆಯ ನಕ್ಷೆ ಕೊಟ್ಟ. ಇಳಿಜಾರಿನ ಕೋನ ಮೂವತ್ತು ಡಿಗ್ರಿ, ಬುಡ ಐವತ್ತು ಮಿಲಿಮೀಟರ್, ಎತ್ತರ ಇಪ್ಪತ್ತೊಂಬತ್ತು. ಕೂದಲೆಳೆಯಷ್ಟೂ ಆಚೀಚೆ ಆಗಕೂಡದು ಅಂತ ಕೆಳಗೆ ಬರೆದಿದ್ದ.

ಇಲ್ಲೇ ಇದೆ ನೋಡಿ ಕಳ್ಳಾಟ. ಇಳಿಜಾರಿಗೆ ಎರಡು ಅಳತೆ ಹೇಳಿದರೆ ಸಾಕು, ಮೂರನೆಯದು ತಾನಾಗಿ ಹುಟ್ಟುತ್ತದೆ. ಐವತ್ತರ ಬುಡದ ಮೇಲೆ ಮೂವತ್ತು ಡಿಗ್ರಿ ಏರಿದರೆ ಎತ್ತರ ಇಪ್ಪತ್ತೊಂಬತ್ತನ್ನು ಮುಟ್ಟುವುದೇ ಇಲ್ಲ, ತುಸು ಕಡಿಮೆ ಬೀಳುತ್ತದೆ. ಮೂರನ್ನೂ ಬರೆದವನು ಆಗದ ಕೆಲಸ ಹೇಳಿದ್ದಾನೆ.

ದಸ್ತಗೀರ ಕೋನ ಹಿಡಿದು ಕೊರೆದ. ಶ್ರೀಪಾದ ಎತ್ತರ ಅಳೆದ. "ಕಡಿಮಿ ಆಗ್ಯದ. ಗುಜರಿಗೆ ಹಾಕು."

ದಸ್ತಗೀರ ಎತ್ತರ ಹಿಡಿದು ಇನ್ನೊಂದು ಕೊರೆದ. ಶ್ರೀಪಾದ ಈ ಸಲ ಕೋನ ಅಳೆದ. "ಹೆಚ್ಚಾತು. ಕಣ್ಣು ಎಲ್ಲಿ ಇಟ್ಟಿದ್ದಿಲೇ? ಕಬ್ಬಿಣ ಬಿಟ್ಟು ಬೆಣ್ಣಿ ಕೊಯ್ಯಾಕ ಹೋಗು."

ಶ್ರೀಪಾದನ ಬೈಗುಳ ಕೇಳಿ ಮಾಲೀಕರು ಬಂದರು. "ದಸ್ತಗೀರ, ಇನ್ನೊಂದು ಕೆಡಿಸಿದ್ರ ನಾಳಿಂದ ಬರಬ್ಯಾಡ."

ದಸ್ತಗೀರನ ಕಿವಿ ಕೆಂಪಾದವು. ಮಷಿನ್ ಆರಿಸಿದ. ನಕ್ಷೆಯನ್ನು ಶ್ರೀಪಾದನ ಎದೆಗೆ ಹಿಡಿದ.

"ಮೂರರಾಗ ಒಂದಕ್ಕ ಗೀಟು ಹೊಡೀರಿ. ಯಾವ್ದರ ಆಗಲಿ. ಅಲ್ಲೀತನಕ ನಾ ಇದನ್ನ ಮುಟ್ಟೂದಿಲ್ಲ."

"ಮೂರೂ ಇರಲಿ ಬಿಡೋ, ನಿನಗ ಅನುಕೂಲ."

"ನನಗಲ್ರೀ. ನಾ ಯಾವ್ದು ಹಿಡಿದ್ರೂ ಇನ್ನೊಂದು ತೋರಿಸಿ ಬೈಯಾಕ ನಿಮಗ ಅನುಕೂಲ."

ಧನ್ಯಕುಮಾರರು ಇಬ್ಬರನ್ನೂ ನೋಡಿದರು. ಪೆನ್ನು ಚಾಚಿದರು. "ಹೊಡಿ ಶ್ರೀಪಾದ."

ಶ್ರೀಪಾದ ಪೆನ್ನನ್ನು ಕೋನದ ಮೇಲೆ ತಂದ, ಎತ್ತರದ ಮೇಲೆ ತಂದ, ಬುಡದ ಮೇಲೆ ತಂದ. ಇಳಿಸಲಿಲ್ಲ. "ಗೀಟು ಹೊಡೆದ ಮ್ಯಾಲ ಬೆಣಿ ಕೂಡಲಿಲ್ಲ ಅಂದ್ರ?"

"ಅಂದ್ರ ತಪ್ಪು ನಿಮ್ಮದು ಅಂತ ಎಲ್ಲಾರಿಗೂ ತಿಳೀತದ," ಅಂದ ದಸ್ತಗೀರ. "ಅದಕ್ಕ ಪೆನ್ನು ಕೆಳಗ ಇಳೀವಲ್ದು."

ಧನ್ಯಕುಮಾರರು ಪೆನ್ನು ಕಸಿದುಕೊಂಡರು. ಎತ್ತರದ ಮೇಲೆ ಗೀಟೆಳೆದು ಪಕ್ಕದಲ್ಲಿ ಸಹಿ ಹಾಕಿದರು. "ಎದುರಿನ ತುಂಡಿಗೆ ಕೂಡಬೇಕಾದದ್ದು ಇಳಿಜಾರು. ಎತ್ತರ ತಾನಾಗಿ ಎಷ್ಟು ಬರ್ತದೋ ಬರಲಿ. ಕೆಟ್ರ ನಂದು."

ದಸ್ತಗೀರ ಕೊರೆದ. ಬೆಣೆ ತನ್ನ ಜಾಗದಲ್ಲಿ ಗಪ್ಪನೆ ಕೂತಿತು. ಶ್ರೀಪಾದ ಆಗಲೂ ಎತ್ತರ ಅಳೆಯಲು ಬಗ್ಗಿದ.

"ನಕ್ಷೆದಾಗ ಇಲ್ಲದ್ದನ್ನ ಯಾಕ ಅಳೀತಿ?" ಎಂದರು ಧನ್ಯಕುಮಾರರು. "ಅವ ಮೊದಲು ಕೊರೆದದ್ದೂ ಹಿಂಗ ಇತ್ತು. ನಿನ್ನ ಮಾತು ಕೇಳಿ ನಾ ಅವನನ್ನ ಬೈದೆ. ಹೋಗು, ಗುಜರಿಯೊಳಗ ಕೈ ಹಾಕಿ ಅದನ್ನ ಹೆಕ್ಕಿ ತಾ."

ನೀತಿ: ಒಂದಕ್ಕೊಂದು ಕೂಡದ ಮೂರು ಅಪ್ಪಣೆ ಕೊಡುವವನಿಗೆ ಬೇಕಾದದ್ದು ಕೆಲಸವಲ್ಲ, ಬೈಯಲು ಒಬ್ಬ ಆಳು. ಬೇಕಾದಷ್ಟೇ ಹೇಳು, ಹೇಳಿದ್ದಕ್ಕೆ ಹೊಣೆ ಹೊರು.

ಸಿಟ್ಟಿಗೆ ಗಂಟಲು ಒಣಗಿತು. ನನ್ನ ಚಹಾದ ದುಡ್ಡು ನೀವೇ ಕೊಟ್ಟುಬಿಡ್ರಿ.