ಖಾಲಿ ಬಿಟ್ಟ ಒಪ್ಪೋಲೆ

"ಗುರುಗಳೇ, ಈ ತಿದ್ದುಪಡಿಯನ್ನು ಈ ಸಲ ಬಿಟ್ಟು ಮುಂದಿನ ಸಂಪುಟದಲ್ಲಿ ಹಾಕಿದರೆ ಏನಾದೀತು?" ಎಂದು ಶಾಂತವೀರ ಕೇಳಿದ.

ಅವನು ವಿದ್ಯಾಪೀಠದ ಪರರಾಷ್ಟ್ರ ವ್ಯವಹಾರ ಗ್ರಂಥಮಾಲೆಯ ಸಂಪಾದಕ. ಮಾಲೆಯ ಮೊದಲ ಇಪ್ಪತ್ತು ಸಂಪುಟಗಳನ್ನು ಗುರುಗಳು ತಿದ್ದಿದ್ದರು. ಅನಂತರದವು ಅವನ ಕೈಯಿಂದ ಬಂದಿದ್ದವು. ಈಗ ಇಪ್ಪತ್ತೇಳನೆಯದು ಅಚ್ಚಿಗೆ ಹೊರಟಿತ್ತು. ಇಪ್ಪತ್ತಾರನೆಯದರಲ್ಲಿ ಒಂದು ತಪ್ಪು ಉಳಿದಿತ್ತು. ಎರಡು ದೇಶಗಳ ಒಪ್ಪಂದದ ಒಂದು ಷರತ್ತನ್ನು, ಲೇಖನ ಉದ್ದವಾಯಿತೆಂದು, ಅವನೇ ಹೊಡೆದುಹಾಕಿದ್ದ. ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆದರೂ ಅದು ತಪ್ಪೆಂದು ತಾನೇ ಅರಿತ ಹದಿನೈದು ದಿನದಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಗುರುಗಳು ಕರಡನ್ನು ಮಡಿಚಿ ಪಕ್ಕಕ್ಕಿಟ್ಟರು.

"ಒಂದು ಕತೆಯಿದೆ, ಕೇಳು" ಎಂದರು.

ಏಳು ರಾಜ್ಯಗಳ ನಡುವೆ ಒಂದು ಚಿಕ್ಕ ರಾಜ್ಯವಿತ್ತು. ಅದಕ್ಕೆ ದೊಡ್ಡ ಸೈನ್ಯವಿರಲಿಲ್ಲ. ನೆರೆಯವರನ್ನು ಅರಿತು ನಡೆದರೆ ಉಳಿವು, ಇಲ್ಲವಾದರೆ ಇಲ್ಲ. ಆದ್ದರಿಂದ ಅಲ್ಲಿನ ಅರಸರು ವರ್ಷಕ್ಕೊಂದು ಸಂಪುಟ ಬರೆಸುತ್ತಿದ್ದರು. ಯಾವ ರಾಜ್ಯಕ್ಕೆ ಯಾರೊಡನೆ ಸ್ನೇಹ, ಯಾವ ಆಸ್ಥಾನದಲ್ಲಿ ಯಾವ ಮರ್ಯಾದೆ, ಯಾವ ಗಡಿಯಲ್ಲಿ ಯಾವ ಕಟ್ಟಳೆ, ಎಲ್ಲವೂ ಅದರಲ್ಲಿರುತ್ತಿತ್ತು. ಪಂಡಿತರು ಬರೆಯುತ್ತಿದ್ದರು. ಒಬ್ಬ ಸಂಪಾದಕ ತಿದ್ದಿ ಜೋಡಿಸುತ್ತಿದ್ದ.

ಸಂಪುಟಕ್ಕೆ ನೂರೇ ಹಾಳೆ. ಮೊದಲ ಹಾಳೆಯ ಹೆಸರು ಒಪ್ಪೋಲೆ. ಹಿಂದಿನ ಸಂಪುಟಗಳಲ್ಲಿ ಆದ ತಪ್ಪು, ಅದರ ತಿದ್ದುಪಡಿ, ತಪ್ಪು ತಿಳಿದ ದಿನ, ಈ ಮೂರನ್ನೂ ಅಲ್ಲಿ ಬರೆಯಬೇಕು. ನೆರೆಯವರು ಇದನ್ನು ಕೇಳಿ ನಗುತ್ತಿದ್ದರು. ಆ ರಾಜ್ಯದ ದೂತರು ನಗುತ್ತಿರಲಿಲ್ಲ. ಅವರು ಒಪ್ಪೋಲೆಯನ್ನು ನೋಡಿ ತಮ್ಮ ಹಳೆಯ ಪ್ರತಿಗಳನ್ನು ತಿದ್ದಿಕೊಂಡು ಪಯಣ ಹೊರಡುತ್ತಿದ್ದರು.

ನಲವತ್ತನೆಯ ಸಂಪುಟದಲ್ಲಿ ಒಬ್ಬ ಪಂಡಿತ ಬಡಗಣ ರಾಜ್ಯದ ಬಗ್ಗೆ ಎರಡು ವಾಕ್ಯ ಬರೆದಿದ್ದ. ಅಲ್ಲಿಗೆ ಹೋಗುವ ದೂತ ಗಡಿಯಲ್ಲಿ ನಗಾರಿ ಬಾರಿಸಿ ತನ್ನ ಬರುವಿಕೆಯನ್ನು ತಿಳಿಸಬೇಕು ಎಂಬುದು ಮೊದಲನೆಯದು. ಅರಸ ತೀರಿಹೋದ ವರ್ಷ ಮಾತ್ರ ಬಾರಿಸಬಾರದು, ಸೂತಕದ ನಾಡಿನಲ್ಲಿ ನಗಾರಿಯ ಸದ್ದು ದಂಡು ಬಂದ ಗುರುತು ಎಂಬುದು ಎರಡನೆಯದು. ಹಾಳೆ ನೂರನ್ನು ಮೀರುತ್ತಿತ್ತು. ಬಡಗಣ ಅರಸ ಗಟ್ಟಿಮುಟ್ಟಾಗಿದ್ದ. ಸಂಪಾದಕ ಎರಡನೆಯ ವಾಕ್ಯವನ್ನು ಹೊಡೆದುಹಾಕಿದ.

ಆರು ತಿಂಗಳ ಮೇಲೆ ಪಂಡಿತ ಓಲೆ ಕಳುಹಿಸಿದ. "ಅಯ್ಯಾ, ನನ್ನ ಒಂದು ವಾಕ್ಯ ಕಾಣುತ್ತಿಲ್ಲ. ಒಪ್ಪೋಲೆಗೆ ಸೇರಿಸುವುದು" ಎಂದು ಅದರಲ್ಲಿತ್ತು. ಅದಾದ ವಾರದಲ್ಲೇ ಪಂಡಿತ ತೀರಿಕೊಂಡ.

ಸಂಪಾದಕನಿಗೆ ಭಯ ಹಿಡಿಯಿತು. ಅಲ್ಲಿಯವರೆಗೆ ಅವನು ಒಪ್ಪೋಲೆಯಲ್ಲಿ ಬರೆದದ್ದೆಲ್ಲ ಪಂಡಿತರ ತಪ್ಪುಗಳು. ತನ್ನ ತಪ್ಪನ್ನು ಒಮ್ಮೆಯೂ ಬರೆದಿರಲಿಲ್ಲ. ಕೊನೆಗೆ ಅವನು ಆ ವಾಕ್ಯವನ್ನು ನಲವತ್ತೊಂದನೆಯ ಸಂಪುಟದ ಎಪ್ಪತ್ತಮೂರನೆಯ ಹಾಳೆಯಲ್ಲಿ, ಕುದುರೆಗಳ ಮೇವಿನ ವಿಚಾರದ ಕೆಳಗೆ ಸೇರಿಸಿದ. ಆ ವರ್ಷ ಬೇರೆ ತಪ್ಪು ಯಾವುದೂ ಇರಲಿಲ್ಲ. ಒಪ್ಪೋಲೆಯನ್ನು ಖಾಲಿ ಬಿಟ್ಟ. ಮುಂದಿನ ವರ್ಷ ಬರೆದರಾಯಿತು ಎಂದುಕೊಂಡ.

ಖಾಲಿ ಹಾಳೆಯನ್ನು ಕಂಡು ಅರಸ ಹಿಗ್ಗಿದ. ನಲವತ್ತು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು ಎಂದು ಶಾಲು ಹೊದಿಸಿದ. ಆ ಶಾಲು ಸಂಪಾದಕನ ಮೈಗೆ ಒದ್ದೆ ಬಟ್ಟೆಯಂತೆ ಅಂಟಿತು.

ಮೂರು ತಿಂಗಳಾಗಿತ್ತು. ಬಡಗಣ ಅರಸ ಕುದುರೆಯಿಂದ ಬಿದ್ದು ಸತ್ತ. ದುಃಖ ವಿಚಾರಿಸಲು ದೂತನೊಬ್ಬ ಹೊರಟುನಿಂತ. ಹೋಗುವ ಮುಂಚೆ ಗ್ರಂಥಶಾಲೆಗೆ ಬಂದ.

"ಏನು ಸ್ವಾಮಿ, ಈ ವರ್ಷ ನಮಗೆ ಕೆಲಸವನ್ನೇ ಇಟ್ಟಿಲ್ಲವಲ್ಲ! ತಿದ್ದಿಕೊಳ್ಳೋಣವೆಂದರೆ ಒಂದು ತಪ್ಪೂ ಸಿಗಲಿಲ್ಲ" ಎಂದು ನಕ್ಕ.

"ಹೊಸ ಸಂಪುಟವನ್ನೂ ಒಯ್ಯಿರಿ" ಎಂದ ಸಂಪಾದಕ.

"ಯಾಕೆ? ಹಳೆಯದು ನನಗೆ ಬಾಯಿಪಾಠ. ಕುದುರೆಗೂ ಭಾರ. ಒಪ್ಪೋಲೆ ನೋಡಿದಿರಾ ಎಂದು ಮನೆಯಲ್ಲಿ ನನ್ನ ಹೆಂಡತಿ ಕೇಳಿದಳು. ಖಾಲಿ ಇದೆ ಕಣೇ ಎಂದೆ. ಹಾಗಾದರೆ ನೆಮ್ಮದಿಯಾಗಿ ಹೋಗಿಬನ್ನಿ ಎಂದಳು."

ಸಂಪಾದಕ ಬಾಯಿ ತೆರೆದ. ಹೇಳಬೇಕಾದದ್ದು ಒಂದೇ ಮಾತು. ಹೇಳಿದರೆ, ಯಾವಾಗಿನಿಂದ ಗೊತ್ತು ಎಂದು ದೂತ ಕೇಳುತ್ತಾನೆ.

"ಹೋಗಿ ಬನ್ನಿ" ಎಂದ.

ಗಡಿಗೆ ಒಂಬತ್ತು ದಿನದ ದಾರಿ. ಮೊದಲ ದಿನ, ಈಗಲೂ ಸವಾರನನ್ನು ಅಟ್ಟಬಹುದು ಎಂದುಕೊಂಡ. ಮೂರನೆಯ ದಿನವೂ ಹಾಗೆಯೇ ಅಂದುಕೊಂಡ. ಐದನೆಯ ದಿನ, ಇನ್ನು ಯಾವ ಕುದುರೆಯೂ ಮುಟ್ಟಲಾರದು ಎಂದು ಗೊತ್ತಾಯಿತು. ದೂತನಿಗೆ ಹೇಗೋ ತಿಳಿದೀತು, ಗಡಿಯಲ್ಲಿ ಯಾರಾದರೂ ತಡೆದಾರು, ನಗಾರಿ ದಾರಿಯಲ್ಲೇ ಒಡೆದೀತು ಎಂದು ಒಂದೊಂದನ್ನೇ ನಂಬಿ ನೋಡಿದ. ಒಂಬತ್ತನೆಯ ದಿನ ಬೆಳಿಗ್ಗೆ ಪಕ್ಕದ ಬೀದಿಯಲ್ಲಿ ಮದುವೆಯ ಡೋಲು ಬಡಿಯಿತು. ಅವನು ಎರಡೂ ಕಿವಿ ಮುಚ್ಚಿಕೊಂಡು ಗ್ರಂಥಶಾಲೆಯ ಮೂಲೆಯಲ್ಲಿ ಕುಳಿತ.

ಇಪ್ಪತ್ತನೆಯ ದಿನ ನಗಾರಿ ಮಾತ್ರ ತಿರುಗಿ ಬಂತು. ಅದರ ಚರ್ಮದ ಮೇಲೆ ಬಾಣಗಳ ತೂತುಗಳಿದ್ದವು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಮುಂದಿನ ವರ್ಷ ಒಪ್ಪೋಲೆಯಲ್ಲಿ ಬರೆದನೇ?" ಎಂದು ಶಾಂತವೀರ ಕೇಳಿದ.

"ಬರೆದ. ತಪ್ಪು, ತಿದ್ದುಪಡಿ, ತಿಳಿದ ದಿನ, ಮೂರನ್ನೂ ಸರಿಯಾಗಿಯೇ ಬರೆದ. ದಿನವನ್ನು ಸುಳ್ಳು ಮಾಡಲಿಲ್ಲ, ದೂತ ಹೊರಡುವುದಕ್ಕೆ ಎಷ್ಟೋ ಮುಂಚಿನ ಆ ದಿನವನ್ನೇ ಹಾಕಿದ. ಅರಸ ಅದನ್ನು ಓದಿದ. ಆಮೇಲೆ, ತಪ್ಪು ಯಾರಿಂದ ಆಗುವುದಿಲ್ಲ ಎಂದು ಕ್ಷಮಿಸಿದ."

ಶಾಂತವೀರನ ಎದೆ ತುಸು ಹಗುರಾಯಿತು. "ಹಾಗಾದರೆ ಅವನ ಭಯ ಅಲ್ಲಿಗೆ ಮುಗಿಯಿತು" ಎಂದ.

ಗುರುಗಳು ಕರಡನ್ನು ಎತ್ತಿ, ಮೊದಲ ಹಾಳೆ ಮೇಲೆ ಬರುವಂತೆ ಬಿಡಿಸಿ, ಅವನ ಮುಂದೆ ಇಟ್ಟರು.

"ದೂತನ ಹೆಂಡತಿಗೆ ಓದಲು ಬರುತ್ತಿತ್ತು."