ಮುದಿ ಟ್ಯಾಕ್ಸಿಯ ಗೀರು

ಸ್ಟ್ಯಾಂಡಿನ ಮುದಿ ಕರಿ ಟ್ಯಾಕ್ಸಿಗೆ ಅಂದು ಬೆಳಗಿನಿಂದ ಎದೆ ಢವಢವ. ಛತ್ರಕ್ಕೆ ಹೋಗುವ ಗಾಡಿಯನ್ನು ಮದುಮಗಳು ಚಂಪಾ ತಾನೇ ಬಂದು ಆರಿಸುವವಳಿದ್ದಳು. ಪಕ್ಕದಲ್ಲಿದ್ದ ಹೊಸ ಬಿಳಿ ಕಾರು, "ಅಜ್ಜಾ, ನೀನು ಪಾತ್ರೆ ಪಗಡ ಹೊತ್ಕೊಂಡು ಹಿಂದಿನಿಂದ ಬಾ" ಎಂದು ಚುಡಾಯಿಸಿತು.

ಟ್ಯಾಕ್ಸಿ, ಗಾಡಿಗೆ ಹೊಳಪು ಕೊಡುವ ಮೇಣದ ಡಬ್ಬಿಯ ಮುಂದೆ ಗೋಗರೆಯಿತು. "ನನ್ನನ್ನು ಹೊಸದು ಮಾಡಪ್ಪಾ. ಬಾಗಿಲ ಮೇಲಿನ ಈ ಗೀರನ್ನಾದರೂ ಮುಚ್ಚು."

"ನಾನು ಮುಚ್ಚುವವನಲ್ಲ ಮಾರಾಯ, ತೋರಿಸುವವನು," ಎಂದಿತು ಮೇಣ. "ಮೊದಲು ಧೂಳು ತೊಳೆಸಿಕೋ. ನಿನ್ನಲ್ಲಿ ಉಳಿದಿರುವ ಬಣ್ಣವನ್ನು ಮಿಂಚಿಸುತ್ತೇನೆ. ಆದರೆ ಆಳದ ಗೀರು ಇನ್ನೂ ಎದ್ದು ಕಾಣುತ್ತದೆ. ನೋಡು, ಆಮೇಲೆ ನನ್ನನ್ನು ಬೈಯಬೇಡ."

ಟ್ಯಾಕ್ಸಿ, "ಮುಖಕ್ಕೆ ಧೂಳು ಮೆತ್ತಿಕೊಂಡು ಮದುವೆಗೆ ಹೋಗಲಾ? ಉಜ್ಜು," ಎಂದಿತು.

ತೊಳೆದು ಉಜ್ಜಿದ ಮೇಲೆ ಮೈ ನೇರಳೆಹಣ್ಣಿನ ಹಾಗೆ ಹೊಳೆಯಿತು. ಗೀರೂ ಢಾಳಾಗಿ ಕಂಡಿತು. ಬಿಳಿ ಕಾರು ಹಾರ್ನ್ ಹೊಡೆದು ನಕ್ಕಿತು.

ಬಿಳಿ ಕಾರಿನ ಬಾಗಿಲಿಗೆ ಕೈ ಹಾಕಿದ ಚಂಪಾ ಗೀರು ಕಂಡು ತಟ್ಟನೆ ಟ್ಯಾಕ್ಸಿಯತ್ತ ತಿರುಗಿದಳು. ಓದು ಬಾರದ ಟ್ಯಾಕ್ಸಿ ಇಷ್ಟು ವರ್ಷ ಗೀರೆಂದುಕೊಂಡದ್ದು ಅಕ್ಷರವಾಗಿತ್ತು: ಛಂಪಾ.

"ಅಯ್ಯೋ! ಒಂದನೇ ಕ್ಲಾಸಲ್ಲಿದ್ದಾಗ ಪಿನ್ನಿಂದ ನಾನೇ ಕೊರೆದಿದ್ದು! ಚಕಾರಕ್ಕೆ ಬಾಲ ಬೇರೆ!" ಎಂದು ನಗುತ್ತ ಟ್ಯಾಕ್ಸಿ ಹತ್ತಿ ಕೂತಳು.

ಹೊರಡುವಾಗ ಟ್ಯಾಕ್ಸಿ ಬಿಳಿ ಕಾರಿಗೆ ಮೆಲ್ಲಗೆ ಹೇಳಿತು: "ಪಾತ್ರೆ ಪಗಡ ಜೋಪಾನ, ತಮ್ಮಾ. ಗೀರಿದರೂ ಹೆದರಬೇಡ."